ಒಂದೇ ಬಟ್ಟೆಯ ಎರಡು ಮೇಜು

ಅಣ್ಣನ ಮನೆಯ ಅಂಗಳಕ್ಕೆ ಕಾಲಿಡುವ ಮೊದಲೇ ಡೀಡ್ರಿಕ್‌ಗೆ ಸಿಟ್ಟು ಬಂದಾಗಿತ್ತು. ಅದಕ್ಕೊಂದು ಕಾರಣ ಹುಡುಕಿಕೊಳ್ಳುವುದಷ್ಟೇ ಬಾಕಿ. ಕಾರಣಕ್ಕೇನು ಬರವಿರಲಿಲ್ಲ. ಅಂಗಳದಲ್ಲಿ ಅಣ್ಣ ವಿಲ್ಹೆಲ್ಮನ ಟ್ರ್ಯಾಕ್ಟರ್ ನಿಂತಿತ್ತು, ನಾಲ್ಕೂ ಕಬ್ಬಿಣದ ಚಕ್ರ, ಚಕ್ರದ ಸುತ್ತ ಕಬ್ಬಿಣದ ಹಲ್ಲು. ಅದರ ಪಕ್ಕದಲ್ಲೇ ಸಾಂತಾ ಕ್ರೂಸ್ ಪೇಟೆಯಿಂದ ಸೋಯಾ ತುಂಬಿಕೊಳ್ಳಲು ಬಂದ ಬೊಲಿವಿಯಾದವನೊಬ್ಬನ ಲಾರಿ. ಲಾರಿಯವನು ಅದರ ರಬ್ಬರ್ ಟೈರಿಗೆ ಬೆನ್ನು ಕೊಟ್ಟು ಕೂತು, ಅಣ್ಣನ ಮನೆಯ ಚೀಸನ್ನು ಚಾಕುವಿನಲ್ಲಿ ಕತ್ತರಿಸಿ ಕತ್ತರಿಸಿ ತಿನ್ನುತ್ತಿದ್ದ. ಇಲ್ಲಿನ ಸಭೆಯ ಕಟ್ಟಳೆಯಲ್ಲಿ ರಬ್ಬರ್ ಚಕ್ರ ಕಂಡವರದಾದರೆ ಪಾಪವಿಲ್ಲ, ಸ್ವಂತದ್ದಾದರೆ ಮಾತ್ರ ಪಾಪ. ಉಪದೇಶಿ ಫೇರ್ ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋಗುವುದು ಟ್ಯಾಕ್ಸಿಯಲ್ಲಿ. ಹೋಗುವಾಗ ಹಿಂದಿನ ಸೀಟಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ನೆಮ್ಮದಿಯಾಗಿ ಕೂತಿರುತ್ತಾನೆ ಎಂಬುದನ್ನು ಡೀಡ್ರಿಕ್ ರಸ್ತೆ ಬದಿಯಲ್ಲಿ ನಿಂತು ಕಣ್ಣಾರೆ ನೋಡಿದ್ದಾನೆ. ಅವನಿಗೆ ಕೈಯೆತ್ತಿ ನಮಸ್ಕಾರವನ್ನೂ ಮಾಡಿದ್ದಾನೆ. ಉಪದೇಶಿ ಕಿಟಕಿಯ ಆಚೆ ಬದಿಯ ಹೊಲವನ್ನು ನೋಡುತ್ತಾ ಹೋಗಿಬಿಟ್ಟ.

ಆ ದಿನ ಪಕ್ಕದ ಮನೆಯಲ್ಲಿ ಹಂದಿ ಕಡಿಯುವುದಿತ್ತು. ಹಂದಿ ಕಡಿಯುವುದೆಂದರೆ ಬೀದಿಗೆ ಬೀದಿಯೇ ಸೇರಿ ಮಾಂಸ ಕೊಚ್ಚಿ, ಸಾಸೇಜು ತುಂಬಿ, ಕೊಪ್ಪರಿಗೆಯ ಸುತ್ತ ನಿಂತು ಹರಟಿ, ಮಧ್ಯಾಹ್ನ ಒಟ್ಟಿಗೆ ಉಣ್ಣುವುದು. ಸಭೆಯಿಂದ ಹೊರಗೆ ಹಾಕಿಸಿಕೊಂಡವನನ್ನು ಇಂಥದ್ದಕ್ಕೆ ಯಾರೂ ಕರೆಯುವುದಿಲ್ಲ. ಹಾಗಾಗಿ ಬಿಡುವಾಗಿರುವವನು ಅವನೊಬ್ಬನೇ, ಅಣ್ಣನ ಮನೆಯಲ್ಲಿರುವ ಮುದಿ ತಾಯಿಯನ್ನು ನೋಡಿಕೊಳ್ಳಲು ಅವನೇ ಸರಿ. ಬಹಿಷ್ಕಾರದಿಂದಲೂ ಮನೆಗೆಲಸ ತೆಗೆಯುತ್ತಾರಲ್ಲ ಈ ಜನ ಎಂದು ಅವನು ನಕ್ಕ. ಅತ್ತಿಗೆ ಜಸ್ಟೀನಾ ಏಪ್ರನ್ನಿನ ದಾರ ಬಿಗಿಯುತ್ತಾ ಬಾಗಿಲಿಗೆ ಬಂದವಳು ಎಂದಿನಂತೆ ಗೋಡೆಯ ಜೊತೆ ಮಾತಾಡಿದಳು.

“ನೂಡಲ್ಸ್ ಸೂಪು ಒಲೆ ಮೇಲಿದೆ. ಕೊಡೋರು ಕೊಡಬಹುದು.”

“ಕೊಡೋರು ಅಂದ್ರೆ ಯಾರತ್ತಿಗೆ, ಆ ಲಾರಿಯವನಾ?”

“ಮೇಜು ಎರಡೂ ಹಾಕಿದೀನಿ,” ಎಂದಳು ಅವಳು ಗೋಡೆಗೆ. “ಹಂಗೇ ಇರಲಿ. ಯಾರೂ ಸರಿಸೋದು ಬೇಡ.”

ಹಂಗೇ ಇರಲಿ. ಹತ್ತು ಹನ್ನೆರಡು ವರ್ಷದಿಂದ ಹಾಗೇ ಇದೆ. ದೊಡ್ಡ ಮೇಜು, ಅದರ ಪಕ್ಕಕ್ಕೆ ಹೊಲಿಗೆ ಯಂತ್ರ ಇಡುತ್ತಿದ್ದ ಚಿಕ್ಕ ಮೇಜು, ಎರಡರ ನಡುವೆ ಒಂದು ಬೆರಳಷ್ಟು ಸಂದು, ಮೇಲೆ ಎರಡಕ್ಕೂ ಸೇರಿಸಿ ಹಾಸಿದ ಒಂದೇ ಬಿಳಿ ಬಟ್ಟೆ. ಹೊರಗೆ ಹಾಕಿಸಿಕೊಂಡವನ ಜೊತೆ ಒಂದೇ ಮೇಜಿನಲ್ಲಿ ಉಣ್ಣಬಾರದು ಎಂಬ ಮಾತೂ ನಡೆಯಿತು, ಹೆತ್ತ ಮಗನನ್ನು ಬೇರೆ ಕೂರಿಸಲಿಲ್ಲ ಎಂಬ ಸಮಾಧಾನವೂ ಆಯಿತು. ದೇವರಿಗೆ ಬಟ್ಟೆಯ ಕೆಳಗೆ ಕಾಣಿಸುತ್ತದೆ, ಮಗನಿಗೆ ಬಟ್ಟೆಯ ಮೇಲೆ ಮಾತ್ರ ಕಾಣಿಸುತ್ತದೆ ಎಂದು ಲೆಕ್ಕ ಹಾಕಿದವಳು ಅವನ ತಾಯಿ ಅಗನೇಥಾ. ಗಂಡಸರ ಸಭೆ ಅವನನ್ನು ಹೊರಗೆ ಹಾಕಿದ ಸಂಜೆ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಗಂಡ ಮನೆಗೆ ಬಂದು ಟೋಪಿ ನೇತುಹಾಕಿದ ರೀತಿಯಲ್ಲೇ ಅವಳಿಗೆ ತಿಳಿಯಿತು. ಒಳಗೆ ಹೋಗಿ ಹೊಲಿಗೆ ಯಂತ್ರವನ್ನು ಕೆಳಗಿಳಿಸಿದಳು, ಮೇಜನ್ನು ಎಳೆದು ತಂದಳು, ಬಟ್ಟೆ ಹಾಸುವ ಮೊದಲು ಸಂದಿನಲ್ಲಿ ತೋರುಬೆರಳು ಆಡಿಸಿ ನೋಡಿದಳು. ಅವತ್ತಿನಿಂದ ಪ್ರತಿ ಊಟಕ್ಕೂ ಆ ಬೆರಳು. ಅವನು ತಿಂಗಳುಗಟ್ಟಲೆ ಬಾರದೆ ಇದ್ದು ಬಂದರೂ ಅಷ್ಟೆ, ಅವಳ ಕೈಯಲ್ಲಿ ಕುದಿವ ಪಾತ್ರೆ ಇದ್ದರೂ ಅಷ್ಟೆ. ಪಾತ್ರೆ ಇಟ್ಟು, ಬಟ್ಟೆಯಂಚು ಎತ್ತಿ, ಬೆರಳು ತೂರಿಸಿ, ಸರಿಯಿದೆ ಎಂದಾದ ಮೇಲೆಯೇ ಬಡಿಸುವುದು. ಎದುರಿಗೆ ಕೂತು ನಗುನಗುತ್ತಾ ಅದನ್ನು ನೋಡುವುದನ್ನು ಡೀಡ್ರಿಕ್ ರೂಢಿ ಮಾಡಿಕೊಂಡಿದ್ದ. ಆ ಬೆರಳನ್ನು ಅವನು ದ್ವೇಷಿಸುತ್ತಿದ್ದ.

ಅಮ್ಮ ಅಡುಗೆಮನೆಯ ಕಿಟಕಿಯ ಬಳಿ, ದಿಂಬು ಒತ್ತುಕೊಟ್ಟ ಕುರ್ಚಿಯಲ್ಲಿ ಕೂತಿದ್ದಳು. ಕರಿಯ ತಲೆವಸ್ತ್ರ ಒಂದು ಕಡೆಗೆ ಸರಿದು ಬಿಳಿಗೂದಲು ಕಾಣುತ್ತಿತ್ತು. ಸೊಂಟದ ಮೂಳೆ ಮುರಿದಾಗಿನಿಂದ ನಡೆಯುವುದು ನಿಂತಿತ್ತು, ಈಚೆಗೆ ಮಾತೂ ಕಡಿಮೆ. ಬುದ್ಧಿ ಒಂದು ದಿನ ಇರುತ್ತಿತ್ತು, ಒಂದು ದಿನ ಮೆಕ್ಸಿಕೋದ ತವರಿಗೆ ಹೋಗಿಬಿಡುತ್ತಿತ್ತು. ಅಲ್ಲಿ ಅವಳು ಹೆಬ್ಬಾತುಗಳನ್ನು ಅಟ್ಟುತ್ತಿದ್ದಳಂತೆ. ಅಲ್ಲಿಂದ ಮದುವೆಯಾಗಿ, ಎರಡು ಮಕ್ಕಳನ್ನು ಎತ್ತಿಕೊಂಡು, ಗಂಡ ಹೋಗೋಣ ಎಂದ ಕಡೆಗೆ ಹೊರಟು ಬಂದವಳು. ಇಲ್ಲಿ ಬೊಲಿವಿಯಾದಲ್ಲಿ ಕಾಡು ಕಡಿದರು, ಕೆಂಪು ನೀರು ಕುಡಿದರು. ಹನ್ನೊಂದು ಹೆತ್ತಳು, ಆರನ್ನು ಮಣ್ಣು ಮಾಡಿದಳು, ಹಾಲು ಕರೆದಳು, ಬನ್ನು ಸುಟ್ಟಳು. ಇಷ್ಟರ ನಡುವೆ ಒಂದು ಸಲವಾದರೂ ‘ಆಗಲ್ಲ’ ಎಂದಳೇ? ಅಪ್ಪ ಹೇಳಿದ್ದಕ್ಕೆ ಹೂಂ, ಉಪದೇಶಿ ಹೇಳಿದ್ದಕ್ಕೆ ಹೂಂ, ಅಪ್ಪ ಸತ್ತ ಮೇಲೆ ವಿಲ್ಹೆಲ್ಮ್ ಹೇಳಿದ್ದಕ್ಕೂ ಹೂಂ. ಇಡೀ ಜನ್ಮವನ್ನು ತಲೆಯಾಡಿಸಿಯೇ ಮುಗಿಸಿದ ಹೆಂಗಸು. ಇಂಥವಳ ಹೊಟ್ಟೆಯಲ್ಲಿ ತಾನು ಹೇಗೆ ಹುಟ್ಟಿದೆ ಎಂದು ಅವನು ಎಷ್ಟೋ ಸಲ ಯೋಚಿಸಿದ್ದ, ಯೋಚಿಸಿ ಒಳಗೊಳಗೇ ಬೀಗಿದ್ದ.

ಸೂಪಿನ ಬಟ್ಟಲು, ಚಮಚ ತಂದು ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಮೇಜಿನ ಗೊಡವೆಗೆ ಹೋಗಲಿಲ್ಲ; ಮೇಜಿನವರೆಗೆ ಅವಳನ್ನು ಎತ್ತಿಕೊಂಡು ಹೋಗಲು ಇಬ್ಬರು ಬೇಕು. ನೂಡಲ್ಸನ್ನು ಚಮಚದಲ್ಲೇ ತುಂಡರಿಸಿ ಬಾಯಿಗಿಟ್ಟ. ಅವಳು ನುಂಗಿದಳು. ಕಿಟಕಿಯಾಚೆ ಹಂದಿ ಒಮ್ಮೆ ಕಿರುಚಿ ಸುಮ್ಮನಾಯಿತು. ನಾಲ್ಕಾರು ಗುಟುಕು ಆದ ಮೇಲೆ ಅವಳು ಅವನ ಕೈಯಿಂದ ಚಮಚ ತೆಗೆದುಕೊಂಡಳು, ನಡುಗುತ್ತಲೇ ಬಟ್ಟಲಲ್ಲಿ ಅದ್ದಿ ಎತ್ತಿದಳು, ಅವನ ಬಾಯಿಯ ಹತ್ತಿರ ತಂದಳು.

“ನೀನು ಉಂಡಿಲ್ಲ,” ಎಂದಳು.

ಡೀಡ್ರಿಕ್ ಬಾಯಿ ತೆರೆದ. ಸೂಪು ಗಲ್ಲದ ಮೇಲೆ ಚೆಲ್ಲಿತು. ಅವಳು ಇನ್ನೊಂದು ಚಮಚ ತಾನು ಕುಡಿದಳು, ಮತ್ತೊಂದು ಅವನಿಗೆ. ಒಂದೇ ಬಟ್ಟಲು, ಒಂದೇ ಚಮಚ. ಅವನು ಗಲ್ಲವನ್ನೂ ಒರೆಸಿಕೊಳ್ಳದೆ ಮತ್ತೆ ಬಾಯಿ ತೆರೆದ. ಹಾಗೆ ತೆರೆದದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಬಾಗಿಲ ಕಡೆ ನೆರಳು ಆಡಿದಂತಾಯಿತು. ಜಸ್ಟೀನಾ ಮರೆತ ಚಾಕು ತೆಗೆದುಕೊಳ್ಳಲು ಬಂದವಳು ಹೊಸ್ತಿಲಲ್ಲೇ ನಿಂತು, ಅತ್ತೆಯ ಕೈಯಿಂದ ಚಮಚ ಮೈದುನನ ಬಾಯಿಗೆ ಹೋಗುವುದನ್ನೂ ಅಲ್ಲಿಂದ ಅತ್ತೆಯ ಬಾಯಿಗೆ ಬರುವುದನ್ನೂ ನೋಡಿ, ಚಾಕು ತೆಗೆದುಕೊಳ್ಳದೆಯೇ ಹೊರಟುಹೋದಳು. ಹೋಗಲಿ, ಊದಲಿ ಕಹಳೆ ಎಂದುಕೊಂಡ. ಆದರೆ ಅವಳು ನೋಡಿದ ಮೇಲೆ ಸೂಪಿನ ರುಚಿ ಕೆಟ್ಟಿತು. ಜಸ್ಟೀನಾ ಏನು ಹೇಳುತ್ತಾಳೆ, ಹೇಗೆ ಹೇಳುತ್ತಾಳೆ ಎಂಬುದು ಅವನಿಗೆ ಆಗಲೇ ಕೇಳಿಸುತ್ತಿತ್ತು: ಪಾಪ, ಅಮ್ಮನಿಗೆ ಮರೆವು, ಮರೆವಿನವಳ ಹತ್ತಿರ ಕದ್ದು ಉಂಡ. ಹೌದೇನೋ. ಈ ಮುದುಕಿಗೆ ಎಲ್ಲ ಮರೆತುಹೋಗಿದೆ. ಮರೆತವಳು ಕೊಟ್ಟ ತುತ್ತು ಯಾರು ಯಾರಿಗೆ ಕೊಟ್ಟಂತಾಯಿತು? ಈ ಚಮಚ ಹೆಬ್ಬಾತುಗಳ ಕಾಲದ ಯಾವನೋ ತಮ್ಮನಿಗೆ ಸೇರಿದ್ದಿರಬೇಕು. ಇವಳ ಭಿಕ್ಷೆ ನನಗೆ ಬೇಡ. ಬೇಕಾದ್ದು ಗೊತ್ತಿದ್ದು ಕೊಡುವ ಅನ್ನ, ಅದಿಲ್ಲದಿದ್ದರೆ ಸಂದು ನೋಡುವ ಆ ಬೆರಳಾದರೂ ಇರಲಿ.

“ಅಮ್ಮ, ನಾನ್ಯಾರು?”

“ಡೀಡ್ರಿಕ್.”

“ನನ್ನನ್ನ ಹೊರಗೆ ಹಾಕಿದಾರೆ. ನನ್ನ ಜೊತೆ ನೀನು ಉಣ್ಣೋ ಹಾಗಿಲ್ಲ. ಟ್ರ್ಯಾಕ್ಟರಿಗೆ ರಬ್ಬರ್ ಟೈರು ಹಾಕಿದ್ದಕ್ಕೆ. ನೆನಪಿದೆಯಾ?”

ಹೇಳುತ್ತಿರುವಾಗಲೇ ಅವನಿಗೆ ತನ್ನ ದನಿ ಕೇಳಿ ಹೇಸಿಗೆಯಾಯಿತು. ಅದು ಥೇಟು ಉಪದೇಶಿ ಫೇರನ ದನಿ. ಮಗುವಿನ ಕೈಯಲ್ಲಿರುವ ಮಿಠಾಯಿ ಯಾರದು ಎಂದು ಕೇಳುವ ದನಿ. ಅಮ್ಮ ಚಮಚವನ್ನು ಬಟ್ಟಲೊಳಗೆ ಬಿಟ್ಟಳು. ಅವನನ್ನೇ ನೋಡಿದಳು. ನೀರು ತುಂಬಿದ ಆ ಸಣ್ಣ ಕಣ್ಣುಗಳಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಅವನು ತೊಡೆಯ ಮೇಲೆ ಕೈ ಒರೆಸಿಕೊಂಡ. ಆಗಿಹೋಯಿತು, ಸಿಕ್ಕಿದ್ದನ್ನೂ ಬಾಯಿಬಡಿದು ಕಳೆದುಕೊಂಡೆ ಎಂದುಕೊಂಡ.

“ಗೊತ್ತು,” ಎಂದಳು ಅಮ್ಮ. “ಕಬ್ಬಿಣದ ಚಕ್ರಕ್ಕೆ ನಿನ್ನ ಬೆನ್ನು ನೋಯ್ತಿತ್ತಲ್ಲ.”

ಅವನ ಬೆನ್ನಿನ ಸುದ್ದಿ ಗಂಡಸರ ಸಭೆಯಲ್ಲಿ ಯಾರೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಹಲ್ಲಿನ ಚಕ್ರ ಗಟ್ಟಿ ನೆಲದ ಮೇಲೆ ಕುಕ್ಕಿ ಕುಕ್ಕಿ ರಾತ್ರಿ ಮಗ್ಗುಲು ಹೊರಳಲಾಗದೆ ನರಳುತ್ತಿದ್ದುದನ್ನು ಕೇಳಿಸಿಕೊಂಡಿದ್ದವಳು ಹೆಂಡತಿ. ಅವಳು ಟೈರು ಬರುವ ಮೊದಲೇ ಹೆರಿಗೆಯಲ್ಲಿ ತೀರಿಕೊಂಡಳು. ಸಭೆಯೆದುರು ಅವನು ವಾದಿಸಿದ್ದು ಬೆನ್ನಿಗಾಗಿ ಅಲ್ಲ, ನ್ಯಾಯಕ್ಕಾಗಿ. ಬೈಬಲಿನಲ್ಲಿ ರಬ್ಬರೆಂಬ ಮಾತೆಲ್ಲಿದೆ ತೋರಿಸಿ ಎಂದು ಗಲಾಟೆ ಮಾಡಿದ್ದ.

“ಬಾಯಿ ತೆಗಿ. ಆರೋಗುತ್ತೆ,” ಎಂದು ಅವಳು ಮತ್ತೆ ಚಮಚ ಎತ್ತಿದಳು. ಅವನು ಬಾಯಿ ತೆಗೆದ. ಅವಳೂ ಕುಡಿದಳು. ಬಟ್ಟಲು ಬರಿದಾಗುವವರೆಗೂ ಚಮಚ ಇಬ್ಬರ ನಡುವೆ ಓಡಾಡಿತು. ಆಮೇಲೆ ಅವನು ಬಟ್ಟಲನ್ನು ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು ಮನೆಗೆ ಹೋದ.

ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಅಗನೇಥಾ ಸತ್ತಿದ್ದಳು. ದಕ್ಷಿಣದ ಚಳಿಗಾಳಿ ಶುರುವಾಗಿತ್ತು. ಹೆಣಕ್ಕೆ ಮಂಜುಗಡ್ಡೆ ತರಿಸುವ ಖರ್ಚು ಉಳಿಯಿತು ಎಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ನೆರೆಯ ಹೆಂಗಸರು ಬಂದು ತೊಳೆದರು, ಬಿಳಿ ಬಟ್ಟೆಗೆ ನೆರಿಗೆ ಹಿಡಿದರು. ಬಡಗಿ ಪೆಟ್ಟಿಗೆಗೆ ಕಪ್ಪು ಬಳಿಯುತ್ತಿದ್ದ. ಬೀದಿಯ ಮನೆಮನೆಯಲ್ಲೂ ಶವಸಂಸ್ಕಾರದ ಊಟಕ್ಕೆ ಹಿಟ್ಟು ನಾದಿ, ಒಂದರ ಮೇಲೊಂದು ಉಂಡೆ ಕೂರಿಸಿದ ಬನ್ನುಗಳನ್ನು ಸುಡುತ್ತಿದ್ದರು. ಸಾವಿನ ಮನೆಯ ಹಾದಿಯಲ್ಲೆಲ್ಲ ಹಸಿವಾಗುವಂಥ ವಾಸನೆ. ವಿಲ್ಹೆಲ್ಮ್ ಅಂಗಳದಲ್ಲಿ ನಿಂತು ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ.

“ಕೊನೇವರೆಗೂ ಬುದ್ಧಿ ಸ್ವಚ್ಛ ಇತ್ತು. ಈ ವಾರ ಎಲ್ಲ ಒಂದು ತಪ್ಪು ಮಾತಿಲ್ಲ. ನಿನ್ನೆ ಕೂತು ಹಾಡು ಪೂರ್ತಿ ಹೇಳಿದಳು, ಎಲ್ಲ ನುಡಿಗಳೂ. ನಮ್ಮ ಹೆಸರು ಒಬ್ಬೊಬ್ಬರದೇ ಹೇಳಿದಳು.”

ಒಳ್ಳೆಯ ಸಾವು ಬೇಕಲ್ಲ ಅಣ್ಣನಿಗೆ. ಒಳ್ಳೆಯ ಹಸು, ಒಳ್ಳೆಯ ಬೆಳೆ, ಒಳ್ಳೆಯ ಸಾವು, ಎಲ್ಲವೂ ಅವನ ಅಂಗಳದಲ್ಲೇ ಆಗಬೇಕು. ಡೀಡ್ರಿಕ್ ಕೊಟ್ಟಿಗೆಯ ಗೋಡೆಗೊರಗಿ ಇದನ್ನೆಲ್ಲ ಕೇಳುತ್ತಾ ನಿಂತಿದ್ದ. ಅವನ ಹತ್ತಿರ ಬಂದವರು ಟೋಪಿ ಮುಟ್ಟಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ದುಃಖವಾಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡ. ದುಃಖದ ಜಾಗದಲ್ಲಿ ಯಾರಿಗೂ ಹೇಳಲಾಗದ ಒಂದು ಸಂತೋಷವಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಗೊತ್ತಿದ್ದೂ ಉಂಡಳು. ನಿಮ್ಮೆಲ್ಲರ ಅಗನೇಥಾ, ನಿಮ್ಮ ತಲೆಯಾಡಿಸುವ ಮುದುಕಿ, ಗೊತ್ತಿದ್ದೂ ನನ್ನ ಜೊತೆ ಉಂಡಳು.

ಉಪದೇಶಿ ಫೇರ್ ಅವನನ್ನು ಹಾಲಿನ ಕೋಣೆಗೆ ಕರೆದ. ಒಳಗೆ ವಿಲ್ಹೆಲ್ಮ್ ಕ್ಯಾನಿನ ಮೇಲೆ ಕೂತಿದ್ದ, ಮುಖ ಬಿಳಿಚಿಕೊಂಡಿತ್ತು. ಫೇರ್‌ಗೆ ನೆಗಡಿಯಾಗಿತ್ತು, ಕರವಸ್ತ್ರದಿಂದ ಮೂಗು ಒರೆಸಿ ಒರೆಸಿ ಮೂಗಿನ ತುದಿ ಕೆಂಪಾಗಿತ್ತು. ಇಷ್ಟು ಸಣ್ಣ ಮನುಷ್ಯನಿಗೆ ಇಷ್ಟು ವರ್ಷ ತಾನು ಹೆದರಿದೆನೇ ಎಂದು ಡೀಡ್ರಿಕ್‌ಗೆ ಅನ್ನಿಸಿತು. ಹೆದರಿದ್ದೆ ಎಂಬುದು ಹೊಳೆದದ್ದೂ ಆಗಲೇ.

“ಡೀಡ್ರಿಕ್, ಒಂದು ಮಾತು ಕೇಳಬೇಕು. ಮೊನ್ನೆ ಜಸ್ಟೀನಾ ಒಂದು ನೋಡಿದಳಂತೆ. ಅವಳು ಹೇಳಬಾರದಿತ್ತು ಅಂತಲ್ಲ, ಹೇಳಲೇಬೇಕಿತ್ತು. ನಿಮ್ಮಮ್ಮ ನಿನ್ನ ಜೊತೆ ಉಂಡಳಾ?”

“ನೀವೇ ಹೇಳ್ತಿದೀರಲ್ಲ, ನೋಡಿದಾರೆ ಅಂತ.”

“ಬುದ್ಧಿ ಇರಲಿಲ್ಲ ಅಂದ್ರೆ ತೊಂದ್ರೆ ಇಲ್ಲ. ಆದ್ರೆ ನಿಮ್ಮಣ್ಣ ಬೆಳಿಗ್ಗೆಯಿಂದ ಊರಿಗೆಲ್ಲ ಹೇಳ್ತಿದಾನೆ, ಬುದ್ಧಿ ಸ್ವಚ್ಛ ಇತ್ತು ಅಂತ.” ಫೇರ್ ಮೂಗು ಸೀಟಿದ. “ಈಗ ಇಲ್ಲ ಅನ್ನೋಕಾಗಲ್ಲ. ಹಾಗಾದ್ರೆ ಗೊತ್ತಿದ್ದೂ ಉಂಡಳು ಅಂತಾಯ್ತು. ಪಶ್ಚಾತ್ತಾಪ ಹೇಳಿಕೊಳ್ಳದೆ ಹೋದಳು ಅಂತಾಯ್ತು. ಅವಳನ್ನ ನಿಮ್ಮಪ್ಪನ ಪಕ್ಕ ಹೇಗೆ ಮಲಗಿಸೋದು? ಪೆಟ್ಟಿಗೆ ಮುಂದೆ ಏನಂತ ಹಾಡೋದು? ನನಗೂ ಇಷ್ಟ ಇಲ್ಲಪ್ಪ. ನೀನೇ ಹೇಳು.”

ವಿಲ್ಹೆಲ್ಮ್ ತಮ್ಮನ ಕಡೆ ನೋಡಿದ. ಎಷ್ಟೋ ವರ್ಷಗಳ ನಂತರ ನೇರವಾಗಿ ನೋಡಿದ್ದು. “ಹೇಳೋ,” ಎಂದ. “ಹೊರಗಿನವರನ್ನ ಹೂಳೋ ಹಾಗೆ ಬೇಲಿ ಹತ್ರ ಹೂಳಿದ್ರೆ ನಾನು ಹೆಂಗೆ ತಲೆ ಎತ್ತಲಿ.”

ತಲೆ ಎತ್ತುವ ಚಿಂತೆ ಅವನಿಗೆ. ಡೀಡ್ರಿಕ್‌ನ ನಾಲಿಗೆ ತುದಿಯಲ್ಲಿ ಮಾತು ಸಿದ್ಧವಾಗಿ ನಿಂತಿತ್ತು, ಹತ್ತು ವರ್ಷದಿಂದ ಮಸೆದಿಟ್ಟ ಮಾತು: ಹೌದು, ಗೊತ್ತಿದ್ದೇ ಉಂಡಳು, ನಿಮ್ಮ ಮುಖಕ್ಕೆ ಹೊಡೆದ ಹಾಗೆ ಉಂಡಳು, ಈಗೇನು ಮಾಡ್ತೀರಿ ಮಾಡಿ. ಇದನ್ನು ಹೇಳುವ ದಿನಕ್ಕಾಗಿಯೇ ತಾನು ಬದುಕಿದ್ದೆನೇನೋ ಅನ್ನಿಸಿತು. ಹೇಳಿಬಿಟ್ಟರೆ ಇವರ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯಾಯಿತು. ಆಮೇಲೆ ಬೇಲಿಯ ಹತ್ತಿರದ ಜಾಗ ಕಣ್ಣಿಗೆ ಬಂತು, ದನಗಳು ಕತ್ತು ಚಾಚಿ ಹುಲ್ಲು ಎಳೆಯುವ ಜಾಗ. ಅವಳು ಮಣ್ಣು ಮಾಡಿದ ಆರು ಮಕ್ಕಳು ಅಪ್ಪನ ಸಾಲಿನಲ್ಲಿದ್ದವು. ಪ್ರತಿ ವಸಂತದಲ್ಲೂ ಅಲ್ಲಿ ಕಳೆ ಕಿತ್ತು ಬಂದು, ಉಗುರಿನ ಮಣ್ಣು ತೆಗೆಯುತ್ತಾ, ನನಗೆ ಅಲ್ಲಿ ಜಾಗ ಇದೆ ಎನ್ನುತ್ತಿದ್ದಳು. ಅವಳು ಜೀವಮಾನದಲ್ಲಿ ತನಗೆಂದು ಕೇಳಿದ್ದು ಅದೊಂದೇ.

“ಮರೆತು ಒಂದೆರಡು ಚಮಚ ಕೊಟ್ಟಳು,” ಎಂದ ಡೀಡ್ರಿಕ್. “ಅತ್ತಿಗೆ ನೋಡಿದ್ದು ಅದನ್ನ. ಆಮೇಲೆ ನಾನೇ ಹೇಳಿದೆ, ಅಮ್ಮ, ನಾನು ಹೊರಗಿನವನು ಅಂತ.”

“ಹೇಳಿದ್ಯಾ? ಆಮೇಲೆ?”

“ಆಮೇಲೆ ಏನು. ಚಮಚ ಕೆಳಗಿಟ್ಟಳು. ಮುಖ ಆ ಕಡೆ ತಿರುಗಿಸಿಕೊಂಡಳು. ದೇವರೇ ಕ್ಷಮಿಸು ಅಂದಳು. ಮತ್ತೆ ನನ್ನ ಕೈಯಿಂದ ಒಂದು ಗುಟುಕೂ ಮುಟ್ಟಲಿಲ್ಲ.”

ಇಷ್ಟು ಸರಾಗವಾಗಿ ಬಂತಲ್ಲ ಎಂದು ಅವನಿಗೇ ಆಶ್ಚರ್ಯ. ದೇವರೇ ಕ್ಷಮಿಸು ಎಂಬುದನ್ನು ಯಾರೂ ಕೇಳಿರಲಿಲ್ಲ, ತಾನಾಗಿಯೇ ಸೇರಿಸಿದ್ದ. ಫೇರ್ ಕಣ್ಣು ಮುಚ್ಚಿ ಉಸಿರು ಬಿಟ್ಟ. ವಿಲ್ಹೆಲ್ಮ್ ಹಾಲಿನ ಕ್ಯಾನಿನ ಮೇಲೆ ಕೂತಲ್ಲೇ ಅಳತೊಡಗಿದ; ಹೆತ್ತ ತಾಯಿ ತಮ್ಮನಿಂದ ಮುಖ ತಿರುಗಿಸಿದಳು ಎಂಬ ಸಂತೋಷಕ್ಕೆ ಅಳುತ್ತಿದ್ದ. ಥೂ ಎಂದುಕೊಂಡು ಡೀಡ್ರಿಕ್ ಆಚೆ ಬಂದ.

ಯಂತ್ರಗಳ ಕೊಟ್ಟಿಗೆಯನ್ನು ಗುಡಿಸಿ ಬೆಂಚು ಹಾಕಿದ್ದರು. ಒಂದೊಂದು ಅಕ್ಷರವನ್ನೂ ಎಳೆದೆಳೆದು ಹಾಡಿದರು. ಒಂದು ನುಡಿ ಮುಗಿಯುವಷ್ಟರಲ್ಲಿ ಅವನ ಕಾಲು ಮರಗಟ್ಟಿತು. ಹೊರಗಿನವನಾದ್ದರಿಂದ ಅವನಿಗೆ ಕೊನೆಯ ಬೆಂಚು. ಪೆಟ್ಟಿಗೆ ಹೊರುವವರಲ್ಲೂ ಅವನಿರಲಿಲ್ಲ. ಫೇರ್ ಮೊದಲು ಯಾರಿಗೂ ಸರಿಯಾಗಿ ಅರ್ಥವಾಗದ ಪುಸ್ತಕದ ಜರ್ಮನ್‌ನಲ್ಲಿ ಓದಿದ, ಆಮೇಲೆ ಮನೆಮಾತಿಗೆ ಇಳಿದ. ಈ ತಾಯಿಯನ್ನು ನೋಡಿ ಎಂದ. ಕೈಕಾಲು ಸೋತಿತ್ತು, ಹಸಿವಿತ್ತು, ಎದುರಿಗೆ ಕೂತಿದ್ದವನು ಹೊಟ್ಟೆಯಲ್ಲಿ ಹುಟ್ಟಿದವನು. ಆದರೂ ಚಮಚ ಕೆಳಗಿಟ್ಟಳು. ಮುಖ ತಿರುಗಿಸಿದಳು. ದೇವರೇ ಕ್ಷಮಿಸು ಅಂದಳು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಗಟ್ಟಿತನ ಇದೆ? ಹೆಂಗಸರ ಕಡೆಯಿಂದ ಬಿಕ್ಕುವುದು ಕೇಳಿಸಿತು. ಜಸ್ಟೀನಾ ಅತ್ತೆಯ ಮೇಲೆ ಹೊರಿಸಿದ ಅನುಮಾನಕ್ಕೆ ತಾನೇ ಕುಗ್ಗಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಡೀಡ್ರಿಕ್ ತಾನು ಹೆಣೆದ ಸುಳ್ಳನ್ನು ತನ್ನ ಮಾತುಗಳಲ್ಲೇ, ಫೇರನ ನೆಗಡಿಯ ಕೆಮ್ಮಿನ ಸಮೇತ, ಕೇಳಿಸಿಕೊಂಡ. ಇವರ ಮಕ್ಕಳು, ಮೊಮ್ಮಕ್ಕಳು ಅಗನೇಥಾ ಎಂದರೆ ಇದನ್ನೇ ಹೇಳುತ್ತಾರೆ. ‘ಬೆನ್ನು ನೋಯ್ತಿತ್ತಲ್ಲ’ ಎಂದ ಹೆಂಗಸನ್ನು ಅವನೇ ಅಳಿಸಿಹಾಕಿದ್ದ. ಅವಳನ್ನು ಅಪ್ಪನ ಪಕ್ಕ, ಆರು ಮಕ್ಕಳ ಸಾಲಿನಲ್ಲಿ ಇಳಿಸಿದರು; ಮಣ್ಣು ಬೀಳುವುದನ್ನು ಅವನು ದೂರದಿಂದ ನೋಡಿದ.

ಊಟಕ್ಕೆ ಉದ್ದದ ಮೇಜುಗಳು. ಅವನಿಗೆ ಬಾಗಿಲ ಪಕ್ಕ ಒಂದು ಬೇರೆ ಮೇಜು, ಅದರ ಮೇಲೆ ಬಟ್ಟೆಯೂ ಇರಲಿಲ್ಲ. ಬನ್ನು, ಕಾಫಿ, ಸಕ್ಕರೆ ಗಡ್ಡೆ ಇಟ್ಟು ಹೋದರು. ಇನ್ನೂ ಬಾಯಿಗೆ ಹಾಕಿರಲಿಲ್ಲ, ಫೇರ್ ಬಂದು ಎದುರಿಗೆ ನಿಂತ. ಹಿಂದೆ ವಿಲ್ಹೆಲ್ಮ್. ಹತ್ತಿರದ ಬೆಂಚುಗಳಲ್ಲಿ ಅಗಿಯುವುದು ನಿಂತಿತು.

“ಡೀಡ್ರಿಕ್,” ಎಂದ ಫೇರ್, ದನಿಯಲ್ಲಿ ನಿಜವಾದ ಮರುಕವಿತ್ತು, ಅದನ್ನು ಅಲ್ಲಗಳೆಯುವಂತಿರಲಿಲ್ಲ. “ಇವತ್ತು ನೀನು ನಿನ್ನ ಮಾನ ನೋಡಿಕೊಳ್ಳದೆ ಸತ್ಯ ಹೇಳಿದೆ. ನಾವೆಲ್ಲ ನೋಡಿದೀವಿ. ಆ ಟೈರು ತೆಗೆದುಹಾಕಪ್ಪ. ಭಾನುವಾರ ಸಭೆ ಮುಂದೆ ಮಂಡಿಯೂರಿ ಎಲ್ಲ ಬಿಚ್ಚಿ ಹೇಳಿಕೊಂಡುಬಿಡು. ಎಬ್ಬಿಸಿ ತಬ್ಬಿಕೊಳ್ತೀವಿ. ಮುಂದಿನ ಊಟ ನಮ್ಮ ಜೊತೆ.”

“ಬಾರೋ,” ಎಂದ ವಿಲ್ಹೆಲ್ಮ್. “ಸಾಕು ಇನ್ನು.”

ಬೆಂಚಿನ ಮೇಲೆ ಯಾರೋ ಆಗಲೇ ಸ್ವಲ್ಪ ಸರಿದು ಜಾಗ ಮಾಡಿದಂತೆ ಕಂಡಿತು. ಇಷ್ಟು ವರ್ಷ ಡೀಡ್ರಿಕ್ ಇವರನ್ನು ಕಂಡು ನಕ್ಕಿದ್ದೆಲ್ಲ ಒಂದು ಧೈರ್ಯದ ಮೇಲೆ: ಮನಸ್ಸು ಮಾಡಿದರೆ ನಾಳೆಯೇ ನಾಲ್ಕು ಚಕ್ರ ಬದಲಿಸಿ ಒಳಗೆ ಬರಬಲ್ಲೆ, ಬರದೆ ಇರುವುದು ನನ್ನ ಇಷ್ಟ. ಈಗ ಬರಬೇಕೆನ್ನಿಸಿತು. ಹಸಿವಾದವನಿಗೆ ಅನ್ನಿಸುವ ಹಾಗೆ, ನಾಚಿಕೆಯಿಲ್ಲದೆ ಬರಬೇಕೆನ್ನಿಸಿತು. ಆದರೆ ಮಂಡಿಯೂರಿದಾಗ ಕೇಳುತ್ತಾರೆ: ಇನ್ನೇನಾದರೂ ಮುಚ್ಚಿಟ್ಟಿದ್ದೀಯಾ? ಹಾಲಿನ ಕೋಣೆಯಲ್ಲಿ ಕ್ಯಾನುಗಳ ಮುಂದೆ ಸುಳ್ಳು ಹೇಳಬಹುದು. ಮಂಡಿಯ ಮೇಲೆ ಕೂತು, ಆ ಪ್ರಶ್ನೆಗೆ, ಇಲ್ಲ ಎನ್ನಲು ತನ್ನಿಂದ ಆಗುವುದಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಇಷ್ಟು ಉಗಿದ ಮೇಲೂ ತಾನು ಇವರಲ್ಲೇ ಒಬ್ಬನಾಗಿ ಉಳಿದಿದ್ದೇನೆ ಎಂದು ತಿಳಿದು ತನ್ನ ಮೇಲೆಯೇ ಜಿಗುಪ್ಸೆಯಾಯಿತು. ಬಿಚ್ಚಿ ಹೇಳಿದರೆ ಇವತ್ತು ಮುಚ್ಚಿದ ಮಣ್ಣಿಗೆ ಅರ್ಥವಿಲ್ಲ. ಅವಳ ಹೆಸರು ಮತ್ತೆ ಎದ್ದು ಬೇಲಿಯ ಕಡೆಗೆ ನಡೆಯಬೇಕಾಗುತ್ತದೆ. ಹಾಗಾದರೆ ಇನ್ನು ಭಾನುವಾರವಿಲ್ಲ, ಯಾವ ಭಾನುವಾರವೂ ಇಲ್ಲ. ಎಲ್ಲರೂ ಕಾಯುತ್ತಿದ್ದರು. ಜಸ್ಟೀನಾ ಕೂಡ ಕಾಫಿಯ ಜಗ್ಗು ಹಿಡಿದು, ಗೋಡೆಯನ್ನು ಬಿಟ್ಟು, ಅವನನ್ನೇ ನೋಡುತ್ತಿದ್ದಳು.

“ಹಳೇದು ಸವೆದು ಈ ಟೈರು ಹೋದ ವರ್ಷ ಹಾಕಿಸಿದ್ದು,” ಎಂದ ಡೀಡ್ರಿಕ್. “ಇನ್ನೂ ಬಹಳ ಓಡುತ್ತೆ. ತೆಗೆದು ಏನು ಮಾಡಲಿ, ನಿಮ್ಮ ಟ್ಯಾಕ್ಸಿಗೆ ಕೊಡಲಾ?”

ಫೇರ್‌ನ ಮುಖದಿಂದ ಮರುಕ ಇಳಿದುಹೋಯಿತು. ವಿಲ್ಹೆಲ್ಮ್ ಬೆನ್ನು ತಿರುಗಿಸಿದ. “ಹೆತ್ತವಳನ್ನ ಮಣ್ಣು ಮಾಡಿ ಬಂದ ದಿನ,” ಎಂದಳು ಒಬ್ಬ ಮುದುಕಿ. “ಅವಳು ಮುಖ ತಿರುಗಿಸಿದ್ದು ಸುಮ್ಮನೇನಾ,” ಎಂದಳು ಇನ್ನೊಬ್ಬಳು, ಅವನಿಗೆ ಕೇಳಿಸಲೆಂದೇ. ಅವನು ಕಾಫಿಯಲ್ಲಿ ಬನ್ನು ಅದ್ದಿ ತಿನ್ನತೊಡಗಿದ, ಅವರೆಲ್ಲ ತನ್ನನ್ನು ಕಂಡು ಸರಿಯಾಗಿ ಅಸಹ್ಯಪಟ್ಟುಕೊಳ್ಳಲಿ ಎಂದು ನಿಧಾನವಾಗಿ ತಿಂದ.